ಅವಳ ಕೈಗೊಂದು ಗಿಟಾರ್

ಸಂಗೀತಗಾರ್ತಿಯನ್ನು ಮದುವೆಯಾದವನಿಗೆ ಉಡುಗೊರೆಯ ಚಿಂತೆಯೇ ಇಲ್ಲ ಎಂದು ಲೋಕ ನಂಬಿದೆ. "ನಿನಗೇನಪ್ಪ, ಒಂದು ಗಿಟಾರ್ ತಂದುಕೊಟ್ಟರಾಯಿತು" ಎನ್ನುತ್ತಾರೆ. ಹೀಗೆನ್ನುವವರಲ್ಲಿ ಒಬ್ಬರೂ ಗಿಟಾರ್ ನುಡಿಸುವವರಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ. ನುಡಿಸುವವರ ಮುಂದೆ ಇದೇ ಮಾತು ಎತ್ತಿ ನೋಡಿ, ಮುಖದಲ್ಲಿ ಗಾಬರಿಯ ಎಳೆಯೊಂದು ಸುಳಿದು ಹೋಗುತ್ತದೆ. ಅವರ ಪೈಕಿ ಬಹಳ ಮಂದಿಯ ಮನೆಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ, ಪೆಟ್ಟಿಗೆಯಿಂದ ಹೊರಬರದ ಗಿಟಾರ್ ಒಂದು ಇದ್ದೇ ಇರುತ್ತದೆ.

ನನ್ನ ಹೆಂಡತಿ ಗಿಟಾರ್ ನುಡಿಸುತ್ತಾಳೆ, ಕಲಿಸುತ್ತಾಳೆ, ಆಗಾಗ ವೇದಿಕೆಯನ್ನೂ ಹತ್ತುತ್ತಾಳೆ. ನನಗೆ ಬರುವುದು ಚಪ್ಪಾಳೆ ತಟ್ಟುವುದೊಂದೇ. ಅದೂ ಕೆಲವೊಮ್ಮೆ ಹಾಡು ಮುಗಿಯುವ ಮೊದಲೇ. ಅವಳಿಗೊಂದು ಒಳ್ಳೆಯ ಗಿಟಾರ್ ಕೊಡಿಸಬೇಕೆಂದು ಹೊರಟಾಗ ನನ್ನ ಬಳಿ ಇದ್ದ ಬಂಡವಾಳ ಇಷ್ಟೇ. ಆದರೆ ಇಷ್ಟೇ ಎಂದುಕೊಂಡದ್ದು ಸರಿಯಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಗಿಟಾರಿನ ಬಗ್ಗೆ ಅವಳಿಗೆ ಗೊತ್ತಿರುವುದರಲ್ಲಿ ನೂರನೇ ಒಂದು ಪಾಲೂ ನನಗೆ ಗೊತ್ತಿಲ್ಲ, ನಿಜ. ಆದರೆ ಅವಳ ಬಗ್ಗೆ ನನಗೆ ಗೊತ್ತಿರುವ ಕೆಲವು ಸಂಗತಿಗಳು ಅವಳಿಗೇ ಗೊತ್ತಿಲ್ಲ. ಎಷ್ಟು ಹೊತ್ತಿಗೆ ನುಡಿಸಲು ಕೂರುತ್ತಾಳೆ, ಯಾವ ಭಂಗಿಯಲ್ಲಿ ಕೂರುತ್ತಾಳೆ, ಎಷ್ಟು ಹೊತ್ತಾದ ಮೇಲೆ ಭುಜ ಉಜ್ಜಿಕೊಳ್ಳುತ್ತಾಳೆ ಎಂಬುದನ್ನೆಲ್ಲ ನುಡಿಸುವವರು ನೋಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತವನು ನೋಡುತ್ತಾನೆ.

ಮೊದಲು ಬಿಟ್ಟುಕೊಟ್ಟದ್ದು ಗುಟ್ಟನ್ನು. ಅಚ್ಚರಿಯ ಉಡುಗೊರೆಯಲ್ಲಿ ಮುಕ್ಕಾಲು ಪಾಲು ಸುಖ ಕೊಡುವವನದೇ. ಹೊದಿಕೆ ಬಿಚ್ಚಿದಾಗ ಅವಳ ಮುಖ ಹೇಗೆ ಅರಳೀತು ಎಂದು ವಾರಗಟ್ಟಲೆ ಮೊದಲೇ ಕಲ್ಪಿಸಿಕೊಂಡು ಮೆಲುಕು ಹಾಕುವವನು ಅವನು. ಅವಳ ಪಾಲಿಗೆ ಬರುವುದು ಆ ಹೊತ್ತಿಗೆ ಸರಿಯಾಗಿ ಅರಳಬೇಕಾದ ಹೊಣೆ. ಸೀರೆಯೋ ವಾಚೋ ಆದರೆ ಹೇಗೋ ನಡೆದುಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಎದೆಗವಚಿಕೊಂಡು ಕೂರಬೇಕಾದ ವಾದ್ಯವನ್ನು ಅವಳ ಕೈಗೆ ಒಮ್ಮೆಯೂ ಕೊಡದೆ ಆರಿಸುವುದೆಂದರೆ, ಇನ್ನೊಬ್ಬರ ಕಣ್ಣಿಗೆ ಕನ್ನಡಕದ ಪವರನ್ನು ಅಂದಾಜಿನಲ್ಲಿ ಮಾಡಿಸಿಕೊಂಡು ಬಂದ ಹಾಗೆ. ಹೊಂದಲಿಲ್ಲವೆಂದರೆ ಹೇಳುವಂತಿಲ್ಲ, ಹೇಳದೆ ನುಡಿಸುವಂತೆಯೂ ಇಲ್ಲ. ಆ ಧರ್ಮಸಂಕಟವನ್ನು ಹೊಳೆಯುವ ಕಾಗದದಲ್ಲಿ ಸುತ್ತಿ ಕೊಡುವುದು ನನಗೆ ಬೇಕಿರಲಿಲ್ಲ.

ಹಾಗೆಂದು "ದುಡ್ಡು ತೆಗೆದುಕೋ, ಬೇಕಾದದ್ದು ಕೊಂಡುಕೋ" ಎನ್ನುವುದೂ ನನಗೆ ಒಗ್ಗದು. ಕೊಂಡುಕೊಳ್ಳಲು ಅವಳಿಗೆ ನಾನು ಬೇಕಿಲ್ಲ. ಅದೂ ಅಲ್ಲದೆ, ತನಗಾಗಿ ಆರಿಸಿಕೊಳ್ಳುವಾಗ ಸಂಗೀತಗಾರರು ವಿಚಿತ್ರವಾಗಿ ಜಿಪುಣರಾಗುತ್ತಾರೆ. ಇದ್ದದ್ದರಲ್ಲೇ ಹೊಂದಿಸಿಕೊಂಡು ಹೋಗುವ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿರುತ್ತದೆಂದರೆ, ಹೊಂದಿಸಿಕೊಳ್ಳುತ್ತಿದ್ದೇವೆ ಎಂಬುದೇ ಮರೆತುಹೋಗಿರುತ್ತದೆ.

ನಾನು ಮೊದಲು ಓದಲು ಕುಳಿತದ್ದು ಮರದ ಬಗ್ಗೆ. ಗಿಟಾರಿನ ವಿಷಯದಲ್ಲಿ ಹೊರಗಿನವನು ಮೊದಲು ಬೀಳುವ ಹಳ್ಳವೇ ಅದು. ಹಿಂಬದಿ ಬೀಟೆಯದಾದರೆ ನಾದಕ್ಕೆ ಆಳ, ಮಹಾಗನಿಯದಾದರೆ ನಡುಸ್ವರಗಳಿಗೆ ಮೆರುಗು, ಮೇಪಲ್ ಆದರೆ ಖಡಕ್ಕು. ಓದುತ್ತಾ ಹೋದರೆ ಕೊನೆಯಿಲ್ಲ. ಬ್ರೆಜಿಲ್ಲಿನ ಬೀಟೆಯಂತೂ ದಂತಕಥೆ. ಆ ಮರ ಅಳಿವಿನಂಚಿಗೆ ಬಂದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿಷೇಧ ಬಿತ್ತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರ್ ಕಟ್ಟುವವರೆಲ್ಲ ಪರವಾನಗಿ ಪತ್ರಗಳ ಹಿಂದೆ ಓಡಬೇಕಾಯಿತು; 2019ರ ಕೊನೆಗೆ, ಬ್ರೆಜಿಲ್ಲಿನದನ್ನು ಬಿಟ್ಟು ಉಳಿದ ಬೀಟೆಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಮರದಲ್ಲಿ ಏನೋ ಇರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ ಇಬ್ಬರು ಸಾಕ್ಷಿಗಳು ನನ್ನನ್ನು ಆ ಹಳ್ಳದಿಂದ ಮೇಲೆತ್ತಿದರು. ಒಬ್ಬರು ಹತ್ತೊಂಬತ್ತನೆಯ ಶತಮಾನದ ಸ್ಪೇನಿನ ಆಂಟೋನಿಯೊ ಡಿ ಟೊರೆಸ್. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರ, ಅಳತೆ, ಒಳಗಿನ ಬೀಸಣಿಗೆಯಂಥ ಪಟ್ಟಿಗಳ ಜೋಡಣೆ ಬಹುಮಟ್ಟಿಗೆ ನೆಲೆಗೊಂಡದ್ದು ಆತನ ಕೈಯಲ್ಲಿ. 1862ರಲ್ಲಿ ಆತ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸ್ ಮರದಿಂದ ಕೂರಿಸಿ ಒಂದು ಗಿಟಾರ್ ಕಟ್ಟಿದ. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ, ಉಳಿದದ್ದರ ಪಾತ್ರ ಚಿಕ್ಕದು ಎಂದು ತೋರಿಸುವುದು ಅವನ ಉದ್ದೇಶ. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಸಾಕ್ಷಿ ಇತ್ತೀಚಿನದು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂಬದಿ ಮತ್ತು ಪಕ್ಕದ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಬಗೆಯ ಆರು ಗಿಟಾರುಗಳನ್ನು ಮಾಡಿಸಿ, 52 ಮಂದಿ ವಾದಕರ ಕೈಗೆ ಕೊಟ್ಟರು. ಮಂದ ಬೆಳಕು, ಮೇಲೆ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕನ್ನಡಕ. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ದುಬಾರಿ ಮರ, ಅಗ್ಗದ ಮರಗಳಿಗೆ ವಾದಕರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ಮರದ ಪುರಾಣವನ್ನು ಮಡಿಸಿಟ್ಟು, ಮನೆಯಲ್ಲೇ ಇದ್ದ ಪುರಾವೆಗಳ ಕಡೆ ತಿರುಗಿದೆ.

ಹಳೆಯ ಗಿಟಾರ್ ಎಂದರೆ ದಾಖಲೆ. ಓದುವ ತಾಳ್ಮೆ ಬೇಕು, ಅಷ್ಟೆ. ಅವಳು ಇಲ್ಲದ ಒಂದು ಮಧ್ಯಾಹ್ನ ಅದನ್ನು ಕಿಟಕಿಯ ಬಳಿ ತಂದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್ಟುಗಳಲ್ಲಿ ಮೊದಲ ಮೂರರಲ್ಲಿ, ತೆಳ್ಳನೆಯ ತಂತಿಗಳು ಕೂರುವ ಕಡೆ, ಉಗುರಿಗೆ ಸಿಕ್ಕುವಷ್ಟು ಆಳದ ಗುಳಿಗಳು. ಏಳನೆಯ ಫ್ರೆಟ್ಟಿನವರೆಗೂ ಸವೆತ ಕಾಣುತ್ತಿತ್ತು. ಹನ್ನೆರಡರಿಂದಾಚೆ ಲೋಹ ಅಂಗಡಿಯಿಂದ ಬಂದ ದಿನದಷ್ಟೇ ನುಣುಪು. ನಾದರಂಧ್ರದ ಕೆಳಗೆ ತಂತಿ ಮೀಟುವ ಪುಟ್ಟ ಬಿಲ್ಲೆಯಾದ ಪಿಕ್ಕಿನ ಗೀರು ತಾಗದಿರಲೆಂದು ಅಂಟಿಸುವ ಕಪ್ಪು ಫಲಕದ ಮೇಲೆ ಒಂದೇ ಒಂದು ಗೀರಿಲ್ಲ. ಅವಳು ಪಿಕ್ ಹಿಡಿಯುವುದೇ ಇಲ್ಲ, ಬಲಗೈಯ ಉಗುರುಗಳಿಂದಲೇ ನುಡಿಸುತ್ತಾಳೆ. ಮೊಣಕೈ ಊರುವ ಅಂಚಿನಲ್ಲಿ ಮಾತ್ರ ಪಾಲಿಶ್ ಪೂರ್ತಿ ಹೋಗಿ, ಬರಿಯ ಮರ ಬೆವರು ಕುಡಿದು ಕಪ್ಪಾಗಿತ್ತು.

ಇಷ್ಟರಲ್ಲೇ ಕೆಲವು ಉತ್ತರಗಳು ಸಿಕ್ಕವು. ಬೆರಳಲ್ಲಿ ಮೀಟುವವರಿಗೆ ತಂತಿಗಳ ನಡುವೆ ತುಸು ಜಾಗ ಬೇಕು. ಅವಳ ಗಿಟಾರಿನಲ್ಲಿ ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಪುಟ್ಟ ಪಟ್ಟಿಯ, ಅಂದರೆ ನಟ್ಟಿನ, ಅಗಲ ಸುಮಾರು 43 ಮಿಲಿಮೀಟರ್. ಬೆರಳಲ್ಲಿ ನುಡಿಸುವವರಿಗಾಗಿ ಮಾಡಿದವುಗಳಲ್ಲಿ 44.5 ಇರುತ್ತದೆ, ಕ್ಲಾಸಿಕಲ್ ಗಿಟಾರಿನಲ್ಲಿ 52ರವರೆಗೆ. ಒಂದೂವರೆ ಮಿಲಿಮೀಟರ್ ಎಂದರೆ ನಗಬೇಡಿ. ಆರು ತಂತಿಗಳ ಲೋಕದಲ್ಲಿ ಅದು ದೊಡ್ಡ ಜಮೀನು. ಹನ್ನೆರಡನೆಯ ಫ್ರೆಟ್ಟಿನಾಚೆ ಅವಳು ಕಾಲಿಡುವುದಿಲ್ಲವೆಂದ ಮೇಲೆ ಕುತ್ತಿಗೆ ಅಲ್ಲಿಯೇ ಒಡಲನ್ನು ಸೇರುವ ಹಳೆಯ ಮಾದರಿಯೂ ನಡೆದೀತು. ಹದಿನಾಲ್ಕನೆಯ ಫ್ರೆಟ್ಟಿನವರೆಗೆ ಕುತ್ತಿಗೆಯನ್ನು ಹೊರಚಾಚುವ ಪದ್ಧತಿಯನ್ನು ಮಾರ್ಟಿನ್ ಕಂಪನಿ 1929ರಲ್ಲಿ ತಂದದ್ದು ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕನ ಬೇಡಿಕೆಯ ಮೇರೆಗೆ. ಮೇಲಿನ ಸ್ವರಗಳಿಗೆ ಕೈ ಸಲೀಸಾಗಿ ಹೋಗಬೇಕೆನ್ನುವವರಿಗೆ ಅದು ವರ. ಹೋಗದವರಿಗೆ ಎಡಗೈಯನ್ನು ಅನಗತ್ಯವಾಗಿ ದೂರ ಚಾಚಿಸುವ ಸಂಗತಿ.

ಗಿಟಾರಿನ ಮೇಲಿಲ್ಲದ, ಅವಳ ಅಭ್ಯಾಸದಲ್ಲಿದ್ದ ಎರಡು ಪುರಾವೆಗಳು ಇನ್ನೂ ಸ್ವಾರಸ್ಯವಾದವು.

ಒಂದು, ಕರ್ಚೀಫು. ರಾತ್ರಿ ಅಭ್ಯಾಸಕ್ಕೆ ಕೂತಾಗ ಅವಳು ಕರ್ಚೀಫನ್ನು ಉದ್ದಕ್ಕೆ ಮಡಿಸಿ, ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಪಕ್ಕದಲ್ಲಿ ತಂತಿಗಳಡಿ ತೂರಿಸುತ್ತಾಳೆ. ನಾದ ಸತ್ತು ಬರಿಯ ಟಪ್ ಟಪ್ ಉಳಿಯುತ್ತದೆ. ಪಕ್ಕದ ಮನೆಯವರ ನಿದ್ರೆಗಾಗಿ ಮಾಡುವ ಉಪಕಾರ. ಆದರೆ ಅವಳು ನಿಜವಾಗಿ ಮೈಮರೆತು ನುಡಿಸುವುದು ಆ ಹೊತ್ತಿನಲ್ಲೇ. ತನ್ನ ನಾದವನ್ನು ತಾನೇ ಕೇಳದ ಹೊತ್ತಿನಲ್ಲಿ. ಅವಳ ಗಿಟಾರ್ ಡ್ರೆಡ್‌ನಾಟ್ ಮಾದರಿಯದು. ಒಡಲಿನ ಅಗಲ ಹತ್ತಿರ ಹತ್ತಿರ 40 ಸೆಂಟಿಮೀಟರ್, ಆಳ 12ಕ್ಕೂ ಹೆಚ್ಚು. 1906ರಲ್ಲಿ ಬ್ರಿಟನ್ ನೀರಿಗಿಳಿಸಿದ ಯುದ್ಧನೌಕೆಯ ಹೆಸರನ್ನು ಹೊತ್ತ ಈ ಆಕಾರವನ್ನು ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ವ್ಯಾಪಾರಿ ಸಂಸ್ಥೆಗಾಗಿ ಮೊದಲು ಮಾಡಿತು, 1931ರಲ್ಲಿ ತನ್ನದೇ ಹೆಸರಿನಲ್ಲಿ ಮಾರಲು ಶುರುಮಾಡಿತು. ಗಾಯಕರ ಹಿಂದೆ ನಿಂತು ಗಟ್ಟಿ ದನಿಯಲ್ಲಿ ಜೊತೆ ಕೊಡಲು ಹೇಳಿ ಮಾಡಿಸಿದ ವಾದ್ಯ ಅದು. ಒಬ್ಬಳೇ ಕೂತು ಮೆಲ್ಲಗೆ ನುಡಿಸುವವಳ ತೊಡೆಯ ಮೇಲೆ ಯುದ್ಧನೌಕೆ! ಅದರ ಅಗಲವನ್ನು ಬಳಸಿ ಬಲಗೈ ಚಾಚಿಯೇ ಆ ಭುಜ ನೋಯುತ್ತಿತ್ತು ಎಂಬುದಕ್ಕೆ ಅಂಚಿನ ಕಪ್ಪು ಗುರುತಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಎರಡು, ಕ್ಯಾಪೊ. ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿದು ಶ್ರುತಿ ಏರಿಸುವ ಈ ಕ್ಲಿಪ್ಪನ್ನು ಎಲ್ಲರೂ ಬಳಸುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಅವಳು ಮಾಡುತ್ತಿದ್ದದ್ದು ಬೇರೆ. ಆರೂ ತಂತಿಗಳ ಶ್ರುತಿಯನ್ನು ಒಂದೊಂದು ಪೂರ್ಣಸ್ವರದಷ್ಟು ಇಳಿಸುವುದು; ಆಮೇಲೆ ಎರಡನೆಯ ಫ್ರೆಟ್ಟಿಗೆ ಕ್ಯಾಪೊ ಬಿಗಿಯುವುದು. ಇಳಿಸಿದ್ದು ಎಷ್ಟೋ ಅಷ್ಟನ್ನೇ ಏರಿಸಿದ ಹಾಗಾಯಿತು, ಶ್ರುತಿ ಎಂದಿನಂತೆಯೇ. ಇದ್ಯಾವ ಕರ್ಮ ಎಂದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಕೇಳಿದರೆ "ಹೀಗೆ ಸುಲಭ" ಎನ್ನುತ್ತಿದ್ದಳು. ಉತ್ತರ ಸಿಕ್ಕಿದ್ದು ಲೆಕ್ಕ ಹಾಕಿದ ಮೇಲೆ.

ಫ್ರೆಟ್ಟುಗಳ ನಡುವಿನ ಅಂತರ ಹೊರಡುವುದು ಸರಳ ಸೂತ್ರದಿಂದ: ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರದಲ್ಲಿರಬೇಕೆಂದು ತಿಳಿಯುತ್ತದೆ. ಹೀಗಾಗಿ ಮೇಲೆ ಹೋದಂತೆ ಫ್ರೆಟ್ಟುಗಳ ನಡುವಿನ ಮನೆಗಳು ಕಿರಿದಾಗುತ್ತವೆ. ನಟ್ಟಿನಿಂದ, ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಪಟ್ಟಿಯಾದ ಸ್ಯಾಡಲ್ಲಿನವರೆಗೆ 645 ಮಿಲಿಮೀಟರ್ ತಂತಿಯಿರುವ ಅವಳ ಗಿಟಾರಿನಲ್ಲಿ ಮೊದಲ ಮನೆ ಸುಮಾರು 36 ಮಿಲಿಮೀಟರ್ ಅಗಲ. ಎರಡನೆಯ ಫ್ರೆಟ್ಟಿಗೆ ಕ್ಯಾಪೊ ಬಿಗಿದರೆ ಅದರ ಮುಂದಿನ ಮನೆ 32. ನಾಲ್ಕು ಮನೆಗಳಿಗೆ ಬೆರಳು ಹರಡಬೇಕಾದಾಗ ಉಳಿತಾಯ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್. ಶ್ರುತಿ ಇಳಿಸಿದ್ದರಿಂದ ತಂತಿಯ ಬಿಗಿತವೂ ಐದರಲ್ಲಿ ಒಂದು ಪಾಲು ಇಳಿದಿರುತ್ತದೆ. ಅಂದರೆ ಅವಳ ಕೈ ವರ್ಷಗಳಿಂದ ತನಗೆ ಬೇಕಾದ ಗಿಟಾರನ್ನು ಇದ್ದ ಗಿಟಾರಿನೊಳಗೇ ಕಟ್ಟಿಕೊಳ್ಳುತ್ತಿತ್ತು. ಗಿಡ್ಡನೆಯ ತಂತಿ, ಸಡಿಲ ಬಿಗಿತ. ಬಾಯಿ ಬಿಟ್ಟು ಕೇಳಿರಲಿಲ್ಲ, ಅಷ್ಟೆ.

ಅಂಥವು ಮಾರುಕಟ್ಟೆಯಲ್ಲಿ ಇದ್ದೇ ಇವೆ. ಗಿಬ್ಸನ್ ಕಂಪನಿಯ ಹಲವು ಮಾದರಿಗಳಲ್ಲಿ ತಂತಿಯ ಉದ್ದ 628ರ ಆಸುಪಾಸು. ಪಾರ್ಲರ್ ಎಂದು ಕರೆಯುವ ಚಿಕ್ಕ ಗಿಟಾರುಗಳಲ್ಲಿ 610ರವರೆಗೂ ಇಳಿಯುತ್ತದೆ. ಅದೇ ತಂತಿ, ಅದೇ ಶ್ರುತಿ ಎಂದಿಟ್ಟುಕೊಂಡರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 645ರಿಂದ 628ಕ್ಕೆ ಬಂದರೆ ಶೇಕಡ 5ರಷ್ಟು, 610ಕ್ಕೆ ಬಂದರೆ ಶೇಕಡ 10ಕ್ಕೂ ಮಿಕ್ಕಿ ಇಳಿಕೆ. ಅವಳ ಕ್ಯಾಪೊ ತಂತ್ರದಷ್ಟು ದೂರ ಹೋಗುವುದಿಲ್ಲ, ಆದರೆ ತಂತಿಯನ್ನೂ ಒಂದು ಅಳತೆ ತೆಳ್ಳಗೆ ಮಾಡಿದರೆ ಹತ್ತಿರಕ್ಕೆ ಬರುತ್ತದೆ.

ಅವಳ ಸಂಗೀತದ ಗೆಳೆಯರನ್ನು ಕೇಳಬಾರದಿತ್ತೇ ಎಂದರೆ, ಕೇಳಿದೆ. ಎಲ್ಲರೂ ಸಂತೋಷದಿಂದ, ವಿವರವಾಗಿ, ತಮಗೆ ಬೇಕಾದ ಗಿಟಾರನ್ನೇ ಸೂಚಿಸಿದರು.

ಹೀಗೆ ಚೀಟಿಯಲ್ಲಿ ನಾಲ್ಕು ಸಾಲು ಉಳಿದವು. ಕಿರಿದಾದ ಒಡಲು. ಗಿಡ್ಡ ತಂತಿ. 44.5 ನಟ್. ಮೆಲ್ಲಗೆ ನುಡಿಸಿದರೂ ತುಂಬಿ ಬರುವ ದನಿ. ಇಷ್ಟು ಹಿಡಿದುಕೊಂಡು ಅವಳಿಗೆ ಹೇಳಿದೆ: ಗಿಟಾರ್ ಕೊಡಿಸುತ್ತೇನೆ, ಆರಿಸುವುದು ನಿನ್ನ ಕೈ, ಎಲ್ಲಿಂದ ಆರಿಸಬೇಕೆಂಬುದು ನನ್ನ ಚೀಟಿ. ಅವಳು ಚೀಟಿಯನ್ನು ಎರಡು ಸಲ ಓದಿದಳು. ಕ್ಯಾಪೊದ ಲೆಕ್ಕ ವಿವರಿಸಿದಾಗ ತನ್ನ ಎಡಗೈಯನ್ನು ಮುಂದೆ ಹಿಡಿದು, ಬೆರಳು ಅಗಲಿಸಿ, ಮೊದಲ ಸಲ ನೋಡುವವಳಂತೆ ನೋಡಿಕೊಂಡಳು. ಬೇಕಿದ್ದ ಅಚ್ಚರಿ ಅಲ್ಲಿ ಸಿಕ್ಕಿತು ಎಂದುಕೊಂಡೆ. ವಸ್ತುವನ್ನು ಬಚ್ಚಿಡುವುದರಿಂದಲೇ ಉಡುಗೊರೆಗೆ ಕಳೆ ಬರಬೇಕೆಂದಿಲ್ಲ. ಬ್ರಿಟನ್ನಿನ ಕ್ವೀನ್ ಎಂಬ ರಾಕ್ ತಂಡದ ಬ್ರಯನ್ ಮೇ ಜೀವನಪೂರ್ತಿ ನುಡಿಸುತ್ತ ಬಂದ ಗಿಟಾರನ್ನು 1963ರಲ್ಲಿ ಕಟ್ಟಲು ತೊಡಗಿದ್ದು ಅವನೂ ಅವನ ತಂದೆಯೂ ಸೇರಿ. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಒಳಗೆ ಮೋಟರ್ ಸೈಕಲ್ಲಿನ ಸ್ಪ್ರಿಂಗು. ಹುಡುಗ ಪಕ್ಕದಲ್ಲೇ ನಿಂತು ಉಳಿ ಹಿಡಿದಿದ್ದ. ಅಪ್ಪನ ಉಡುಗೊರೆ ಅದರಿಂದ ಚಿಕ್ಕದಾಗಲಿಲ್ಲ.

ಅಂಗಡಿಯಲ್ಲಿ ಅವಳು ಗಿಟಾರ್ ನೋಡುವ ರೀತಿ ನಾನು ಊಹಿಸಿದಂತಿರಲಿಲ್ಲ. ಜನ ಗಿಟಾರ್ ಎತ್ತಿಕೊಂಡ ಕೂಡಲೇ ತಮಗೆ ಬರುವ ಅತ್ಯಂತ ಕಷ್ಟದ ತುಣುಕನ್ನು ನುಡಿಸುತ್ತಾರೆ. ಕೇಳಬೇಕಾದದ್ದು ಗಿಟಾರನ್ನು, ಕೇಳಿಸುವುದು ತಮ್ಮನ್ನು. ಅವಳು ಬಹಳ ಹೊತ್ತು ಏನನ್ನೂ ನುಡಿಸಲಿಲ್ಲ. ಮೊದಲು ತೊಡೆಯ ಮೇಲಿಟ್ಟು ಕೈ ಬಿಟ್ಟಳು. ತಲೆ ಭಾರಕ್ಕೆ ಕುತ್ತಿಗೆ ನೆಲಕ್ಕೆ ವಾಲುತ್ತದೆಯೇ ಎಂದು. ದಪ್ಪ ತಂತಿಯನ್ನು ಒಮ್ಮೆ ಮೀಟಿ, ದನಿ ಪೂರ್ತಿ ಅಡಗುವವರೆಗೆ ಕಾಯ್ದಳು. ಆಮೇಲೆ ಪ್ರತಿ ತಂತಿಯನ್ನು ಪ್ರತಿ ಫ್ರೆಟ್ಟಿನಲ್ಲಿ, ಒಂದೊಂದಾಗಿ, ಅಂಗಡಿಯವನು ಆಕಳಿಸುವವರೆಗೆ. ಎಲ್ಲೋ ಒಂದು ಕಡೆ ಝರ್ ಎಂದಿತು. ಹಿಂದಕ್ಕೆ ಬಂದು ಮತ್ತೆ ಒತ್ತಿದಳು, ತಲೆ ಆಡಿಸಿದಳು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿಯೂ ತಾಗಿಸದಂತೆ ಹಿಡಿದು ಗಂಟೆಯಂಥ ಸ್ವರ ಹೊರಡಿಸಿ, ಅದೇ ಜಾಗದಲ್ಲಿ ಒತ್ತಿ ಬರುವ ಸ್ವರದೊಂದಿಗೆ ಹೋಲಿಸಿದಳು. ಎರಡೂ ಒಂದೇ ಆಗದಿದ್ದರೆ ಆ ವಾದ್ಯ ಮೇಲಿನ ಮನೆಗಳಲ್ಲಿ ಎಂದೂ ಶ್ರುತಿಗೆ ನಿಲ್ಲುವುದಿಲ್ಲವಂತೆ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಎಷ್ಟು ಮೆಲ್ಲಗೆ ಮೀಟಬಹುದೋ ಅಷ್ಟು ಮೆಲ್ಲಗೆ ಮೀಟುವುದು. ನನ್ನ ಚೀಟಿಯ ಅಳತೆಗಳಿಗೆಲ್ಲ ಚಾಚೂ ತಪ್ಪದೆ ಒಪ್ಪುತ್ತಿದ್ದ ಒಂದು ಗಿಟಾರ್ ಅಲ್ಲಿ ಸೋತಿತು. "ಇದು ಗಟ್ಟಿಯಾಗಿ ಕೇಳಿದರೆ ಮಾತ್ರ ಉತ್ತರ ಕೊಡುತ್ತದೆ" ಎಂದು ಕೆಳಗಿಟ್ಟಳು. ಅದೇ ಮಾದರಿಯ ಇನ್ನೊಂದು ಪಕ್ಕದಲ್ಲೇ ತೂಗುತ್ತಿತ್ತು. ಅದೇ ಹೆಸರು, ಅದೇ ಅಳತೆ, ಅದೇ ಬಣ್ಣ. ಬೆರಳ ತುದಿಯಿಂದ ಸವರಿದ್ದಕ್ಕೇ ಅದರ ಒಡಲು ಪೂರ್ತಿ ಎದ್ದು ಕೂತಂತೆ ಕೇಳಿಸಿತು, ನನ್ನ ಕಿವಿಗೂ. ಯಂತ್ರಗಳು ಎಷ್ಟೇ ಕರಾರುವಾಕ್ಕಾಗಿ ಕೊಯ್ದರೂ ಒಂದು ಹಲಗೆಯ ನಾರು ಇನ್ನೊಂದರಂತಿರುವುದಿಲ್ಲ; ಮೇಲ್ಹಲಗೆಯ ಬಿರುಸು, ತೂಕ ಕೊಂಚ ಅತ್ತಿತ್ತಾದರೂ ದನಿ ಬೇರೆಯಾಗುತ್ತದೆ. ಚಿತ್ರ ನೋಡಿ, ವಿವರ ಓದಿ ಮನೆಗೆ ತರಿಸಿಕೊಂಡಿದ್ದರೆ ಇವೆರಡರಲ್ಲಿ ಯಾವುದು ಬರುತ್ತಿತ್ತೋ ದೇವರೇ ಬಲ್ಲ.

ಕೊಂಡು ತಂದ ಮೇಲೂ ಕೊಡುವವನಿಗೆ ಕೆಲಸ ಉಳಿದಿರುತ್ತದೆ ಎಂದು ನನ್ನ ಅಭಿಪ್ರಾಯ. ಹೊಸ ಗಿಟಾರನ್ನು ಬಲ್ಲವರ ಕೈಯಲ್ಲಿ ಒಮ್ಮೆ ಸರಿಮಾಡಿಸಬೇಕು: ಕುತ್ತಿಗೆಯೊಳಗಿನ ಲೋಹದ ಸರಳನ್ನು ತಿರುಗಿಸಿ ಬಾಗು ಹೊಂದಿಸುವುದು, ನಟ್ಟಿನ ಗೀರುಗಳನ್ನು ಅರೆಯುವುದು, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 2ರಿಂದ 2.5 ಮಿಲಿಮೀಟರಿನಷ್ಟು ಬರುವಂತೆ ಸ್ಯಾಡಲ್ ತಗ್ಗಿಸುವುದು. ಮೆಲ್ಲಗೆ ನುಡಿಸುವವರಿಗೆ ಇನ್ನೂ ತುಸು ತಗ್ಗಿಸಬಹುದು. ಗಟ್ಟಿ ಪೆಟ್ಟಿಗೆಯೊಂದು, ಅದರೊಳಗೆ ತೇವಾಂಶ ತೋರಿಸುವ ಪುಟ್ಟ ಮಾಪಕವೊಂದು ಬೇಕು. ಗಾಳಿಯ ತೇವ ಶೇಕಡ 45ರಿಂದ 55ರ ನಡುವೆ ಇದ್ದರೆ ಮರಕ್ಕೆ ಹಿತ. ತೀರಾ ಒಣಗಿದರೆ ಮೇಲ್ಹಲಗೆ ಸೀಳಬಹುದು, ಕುತ್ತಿಗೆ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ. ತೇವ ಅತಿಯಾದರೆ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ. ಮಾಪಕದ ಅಂಕಿ ನೋಡುವ ಕೆಲಸವನ್ನು ಯಾರೂ ಹೇಳದೆ ನಾನೇ ವಹಿಸಿಕೊಂಡಿದ್ದೇನೆ. ಸಂಗೀತಕ್ಕೆ ನನ್ನ ಕೊಡುಗೆ ಎಂದು ಯಾರಾದರೂ ಕೇಳಿದರೆ ಹೇಳಲು ಏನಾದರೂ ಬೇಕಲ್ಲ.

ಯುದ್ಧನೌಕೆಯನ್ನು ಮಾರಲಿಲ್ಲ. ಮಾರೋಣವೇ ಎಂದು ಕೇಳುವ ಧೈರ್ಯವನ್ನೂ ನಾನು ಮಾಡಲಿಲ್ಲ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ ನೈಲಾನ್ ತಂತಿಯ ಗಿಟಾರಿನ ಮೇಲ್ಹಲಗೆಯಲ್ಲಿ, ಪಿಕ್ ಉಜ್ಜಿ ಉಜ್ಜಿ, ನಾದರಂಧ್ರದ ಪಕ್ಕಕ್ಕೇ ಇನ್ನೊಂದು ತೂತು ಬಿದ್ದಿದೆ. ಆತ ಅದನ್ನು ಬಿಟ್ಟುಕೊಟ್ಟಿಲ್ಲ. ಹೊಸದನ್ನು ಕೊಡುವವರು ಹಳೆಯದರ ಜಾಗ ಖಾಲಿ ಮಾಡಿಸುವ ಉಮೇದು ತೋರಬಾರದು. ಅವಳು ಪಾಠ ಹೇಳುವುದೂ, ಹಾಡುವವರ ಜೊತೆ ವೇದಿಕೆಗೆ ಹೋಗುವುದೂ ಈಗಲೂ ದೊಡ್ಡದರೊಂದಿಗೇ. ರಾತ್ರಿಗೆ ಮಾತ್ರ ಚಿಕ್ಕದು.

ಒಂದು ವಿಷಯದಲ್ಲಿ ನಮಗಿಬ್ಬರಿಗೂ ಇನ್ನೂ ಒಮ್ಮತವಿಲ್ಲ. ಹೊಸ ಗಿಟಾರ್ ನುಡಿಸುತ್ತಾ ನುಡಿಸುತ್ತಾ ದನಿ ಬಿಚ್ಚಿಕೊಳ್ಳುತ್ತದೆ ಎಂದು ವಾದಕರೆಲ್ಲ ನಂಬುತ್ತಾರೆ; ಅವಳೂ ನಂಬುತ್ತಾಳೆ. ತಂದಾಗಿನದಕ್ಕಿಂತ ಈಗ ಕೆಳಸ್ವರಗಳು ದುಂಡಗಾಗಿವೆ ಎನ್ನುತ್ತಾಳೆ. ಮರದಲ್ಲಿ ಏನೂ ಆಗಿರಲಿಕ್ಕಿಲ್ಲ, ಎಲ್ಲಿ ಎಷ್ಟು ಮೀಟಬೇಕೆಂದು ನಿನ್ನ ಕೈಗೆ ಗೊತ್ತಾಗಿದೆ ಎಂಬುದು ನನ್ನ ವಾದ. ವೆಲ್ಡಿಂಗ್ ಕನ್ನಡಕದ ಕಥೆ ಓದಿದ ಮೇಲೆ ನಾನು ಯಾರ ಕಿವಿಯನ್ನೂ ಪೂರ್ತಿ ನಂಬುವುದಿಲ್ಲ. ಮೊನ್ನೆ ಇದೇ ಮಾತಿಗೆ ಅವಳು ಕಣ್ಣು ಮುಚ್ಚಿಕೋ ಎಂದು ಹೇಳಿ, ಎರಡೂ ಗಿಟಾರಿನಲ್ಲಿ ಒಂದೇ ತುಣುಕು ನುಡಿಸಿ, ಯಾವುದು ಯಾವುದೆಂದು ಕೇಳಿದಳು. ಸರಿಯಾಗಿಯೇ ಹೇಳಿದೆ. "ನೋಡಿದೆಯಾ" ಎಂದಳು. ಅದು ಅವಳ ವಾದಕ್ಕೆ ಹೇಗೆ ಪುರಾವೆಯಾಗುತ್ತದೆ ಎಂದು ನಾನು ಕೇಳುವಷ್ಟರಲ್ಲಿ ಮುಂದಿನ ತುಣುಕಿಗೆ ಹೋಗಿದ್ದಳು.